ಬು ಜರ್ರಾಹನ ಮೀನು ಇದೆಯೋ ಇಲ್ಲವೋ

ಬು ಜರ್ರಾಹನ ಮನೆಯ ಗಾಜಿನ ತೊಟ್ಟಿಯಲ್ಲಿ ಮೀನು ಇದೆಯೋ ಇಲ್ಲವೋ ಎಂಬ ವಿಷಯದಲ್ಲಿ ಕುವೈತಿನ ಸಲ್ವಾ ಬಡಾವಣೆಯ ಗಂಡಸರು ಎರಡು ಪಕ್ಷವಾಗಿದ್ದರು. ಇದೆ ಎನ್ನುವ ಪಕ್ಷದಲ್ಲಿ ಬು ಜರ್ರಾಹ್ ಒಬ್ಬನೇ ಇದ್ದ. ಉಳಿದವರೆಲ್ಲ ಇನ್ನೊಂದು ಪಕ್ಷ.

ಇಂಥ ಅಲ್ಪಸಂಖ್ಯಾತ ಸ್ಥಿತಿಯಲ್ಲೂ ಅವನ ಹೆಮ್ಮೆಗೇನೂ ಕೊರತೆ ಇರಲಿಲ್ಲ. ಏಕೆಂದರೆ ಅವನದು ಬಾಣಲೆಗೆ ಬೀಳುವ ಸಾಮಾನ್ಯ ಮೀನಲ್ಲ. ಕುಬ್ಜ ಏಂಜಲ್ ಮೀನು, ಅದರಲ್ಲೂ ಕೆಂಡದ ಬಣ್ಣದ ಜಾತಿ, ಅದರಲ್ಲೂ ಜೋಡಿ. ಹೆಬ್ಬೆರಳಿಗಿಂತ ಒಂಚೂರು ದೊಡ್ಡ ಮೈ, ಪಕ್ಕೆಯಲ್ಲಿ ಕಪ್ಪು ಪಟ್ಟೆ, ರೆಕ್ಕೆಯ ಅಂಚಿಗೆ ನೀಲಿ ಜರಿ. ಕುವೈತಿನ ಕಡಲಲ್ಲಿ ಇವು ಸಿಗುವುದಿಲ್ಲ. ಪೆಸಿಫಿಕ್ ಸಾಗರದಿಂದ ವಿಮಾನ ಹತ್ತಿ ಬಂದವು. ("ನಾನು ಇದುವರೆಗೆ ಮೆಕ್ಕಾ ಬಿಟ್ಟರೆ ಬೇರೆ ಕಡೆಗೆ ವಿಮಾನ ಹತ್ತಿಲ್ಲ" ಎಂದು ಅವನ ಹೆಂಡತಿ ಸಬೀಕಾ ಆ ದಿನವೇ ನೆನಪಿಸಿದ್ದಳು.)

ಮೀನು ಬಂದಮೇಲೆ ಅವಕ್ಕೊಂದು ಸಮುದ್ರ ಬೇಕಲ್ಲ. ಬು ಜರ್ರಾಹ್ ನಲ್ಲಿನೀರನ್ನು ಯಂತ್ರದಲ್ಲಿ ಸೋಸಿ, ಸಬೀಕಾ ಹಬ್ಬಕ್ಕೆ ಮಚ್ಬೂಸ್ ಅನ್ನ ಮಾಡುವ ದೊಡ್ಡ ಹಂಡೆಗೆ ಸುರಿದು, ಪೊಟ್ಟಣದ ಉಪ್ಪನ್ನು ತೂಗಿ ತೂಗಿ ಕಲಸುತ್ತಿದ್ದ. ಸಬೀಕಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಸಮುದ್ರ ಎಲ್ಲಿದೆ?"

"ರಸ್ತೆ ದಾಟಿದ್ರೆ."

"ನಲ್ಲೀಲಿ ಬರೋ ನೀರು ಎಲ್ಲೀದು?"

"ಆ ಸಮುದ್ರದ್ದೇ. ಉಪ್ಪು ತೆಗೆದು ಸರ್ಕಾರದೋರು ಕಳಿಸ್ತಾರೆ."

"ಅದಕ್ಕೆ ನೀನೇನು ಮಾಡ್ತಿದ್ದೀಯ?"

"ಉಪ್ಪು ಹಾಕ್ತಿದ್ದೀನಿ."

"ಅಂದ್ರೆ ತಿರುಗಿ ಸಮುದ್ರ ಮಾಡ್ತಿದ್ದೀಯ. ಒಂದು ರಸ್ತೆ ದಾಟೋಕೆ ಇಷ್ಟೊಂದು ಸೋಮಾರಿತನಾನಾ?"

ಬು ಜರ್ರಾಹ್ ಶುದ್ಧತೆ, ಸಾಂದ್ರತೆ, ಉಷ್ಣತೆ ಎಂಬ ದೊಡ್ಡ ದೊಡ್ಡ ಮಾತುಗಳನ್ನು ಆಡಿದ. ಅವಳು ಹಂಡೆಯನ್ನು ತೊಳೆದುಕೊಡುವವರು ಯಾರು ಎಂದು ಕೇಳಿದಳು. ಅಲ್ಲಿಗೆ ವಿಜ್ಞಾನ ಸೋತಿತು.

ಮೀನಿನ ಸಂಸಾರದ ಗುಟ್ಟನ್ನೂ ಅವನೇ ಹೇಳಿದ್ದ. "ಈ ಜಾತೀಲಿ ಮೊದಲು ಎಲ್ಲವೂ ಹೆಣ್ಣೇ, ಸಬೀಕಾ. ಜೊತೇಲಿ ಬಿಟ್ಟರೆ ಯಾವುದು ದೊಡ್ಡದೋ, ಯಾವುದು ಜೋರೋ, ಅದು ಗಂಡಾಗಿಬಿಡುತ್ತೆ."

"ಮನುಷ್ಯರಿಗೆ ಈ ಕಟ್ಟಳೆ ಇಲ್ಲದ್ದು ನಿನ್ನ ಅದೃಷ್ಟ. ಇದ್ದಿದ್ರೆ ಮಂಗಳವಾರ ದೀವಾನಿಯಾದಲ್ಲಿ ನಾನು ಕಾಲುಚಾಚಿ ಕೂತಿರ್ತಿದ್ದೆ, ನೀನು ಒಳಗೆ ಸಿಗಡಿ ಬಿಡಿಸ್ತಿದ್ದೆ."

ಈ ದೀವಾನಿಯಾ ಎಂಬ ಹೊರಕೋಣೆಯೇ ಬು ಜರ್ರಾಹನ ಪ್ರಾಣ. ಅವನ ಅಜ್ಜನ ಕಾಲದಿಂದ ಮಂಗಳವಾರ ರಾತ್ರಿ ಬಡಾವಣೆಯ ಗಂಡಸರು ಸೇರುವುದು ಅಲ್ಲಿಯೇ. ಅಂಗಳದ ಬಾಗಿಲು ತೆರೆದೇ ಇರುತ್ತದೆ, ಯಾರೂ ತಟ್ಟುವುದಿಲ್ಲ, ಬರುತ್ತಾರೆ, ಗೋಡೆಯುದ್ದಕ್ಕೂ ಒರಗುದಿಂಬಿಗೆ ಒರಗುತ್ತಾರೆ, ಕಾಫಿ ಕುಡಿಯುತ್ತಾರೆ, ದೇಶವನ್ನು ತಿದ್ದುತ್ತಾರೆ. ಆದರೆ ಈಚೆಗೆ ಅವನ ಚಿಕ್ಕಪ್ಪನ ಮಗ ಬು ದುಐಜ್ ತನ್ನ ಮನೆಯಲ್ಲೂ ದೀವಾನಿಯಾ ತೆರೆದು, ಗೋಡೆಯಗಲದ ಟಿ.ವಿ., ಬಿಲಿಯರ್ಡ್ಸ್ ಮೇಜು ಎಲ್ಲ ಇಟ್ಟಿದ್ದ. ಜನ ಆ ಕಡೆ ವಾಲುತ್ತಿದ್ದರು. ಅವರನ್ನು ಹಿಡಿದಿಡಲೆಂದೇ ಬು ಜರ್ರಾಹ್ ಈ ತೊಟ್ಟಿ ಕಟ್ಟಿಸಿದ್ದು.

ತೊಟ್ಟಿಯನ್ನೇನೋ ಎಲ್ಲರೂ ನೋಡಿದರು. ನೀಲಿ ದೀಪ ನೋಡಿದರು, ಕಲ್ಲು ನೋಡಿದರು, ಕಲ್ಲಿನ ಮೇಲಿನ ಹವಳ ನೋಡಿದರು. ಮೀನು ಮಾತ್ರ ಜನ ಬಂದರೆ ಕಲ್ಲಿನ ಪೊಟರೆ ಸೇರಿ ಅಲ್ಲೇ ಠಿಕಾಣಿ ಹೂಡುತ್ತಿತ್ತು.

"ಬಂತು, ಬಂತು!" ಎಂದು ಕೂಗುತ್ತಿದ್ದ ಬು ಜರ್ರಾಹ್.

"ಎಲ್ಲಿ?"

"ಹೋಯ್ತು."

ಬು ದುಐಜ್ ಕನ್ನಡಕ ಏರಿಸಿ ಗಂಭೀರವಾಗಿ ಬಗ್ಗಿ ನೋಡಿದ. "ಅಣ್ಣಾ, ಕಲ್ಲನ್ನ ಮಾತ್ರ ಬಹಳ ಚೆನ್ನಾಗಿ ಸಾಕಿದ್ದೀಯ. ದಿನಾ ಏನು ಹಾಕ್ತೀಯ ಅದಕ್ಕೆ?"

ಮೊಬೈಲಿನಲ್ಲಿ ತೆಗೆದ ಚಿತ್ರ ತೋರಿಸಿದರೆ, "ನನ್ನ ಮೊಬೈಲಲ್ಲಿ ತಿಮಿಂಗಿಲಾನೇ ಇದೆ. ಅದನ್ನ ನಾನು ಸ್ನಾನದ ಮನೇಲಿ ಸಾಕಿದ್ದೀನಿ ಅಂದ್ಕೋ" ಎಂದ.

ಕೊನೆಗೆ ಹಾಜಿ ಮುತ್ಲಕ್ ಬಾಯಿಬಿಟ್ಟರು. ಅವರು ಕೂಟದ ಹಿರಿಯರು. ಅವರ ಅಜ್ಜ ಮುತ್ತಿನ ದೋಣಿ ನಡೆಸಿದವರು. ಅವರು ಕಡಲಿನ ಬಗ್ಗೆ ಆಡಿದ ಮಾತಿಗೆ ಎದುರಿಲ್ಲ. "ನಮ್ಮಜ್ಜ ಸಮುದ್ರದ ತಳದಲ್ಲಿದ್ದ ಮುತ್ತನ್ನ ತಂದು ಅಂಗೈ ಮೇಲಿಟ್ಟು ತೋರಿಸ್ತಿದ್ದರು. ನೀನು ಗಾಜಿನೊಳಗಿರೋ ಮೀನು ತೋರಿಸಲಾರೆ. ಇಲ್ಲದ್ದನ್ನ ಇದೆ ಅನ್ನೋನ ಮನೇಲಿ ಕಾಫಿ ಕುಡಿಯೋದು ನನಗೆ ಹಿಡಿಸಲ್ಲಪ್ಪ. ಬರೋ ಮಂಗಳವಾರ ಮೀನು ಕಂಡರೆ ಸರಿ. ಇಲ್ಲದಿದ್ದರೆ ಇನ್ಮೇಲೆ ಮಂಗಳವಾರ ಬು ದುಐಜನ ಮನೇಲಿ."

ಬು ಜರ್ರಾಹ್ ಕೋಣೆಯ ಗೋಡೆಗಳನ್ನು ಸುತ್ತಲೂ ನೋಡಿದ. ಅಜ್ಜ ಕಾಫಿ ಸುರಿದ ಕೋಣೆ, ಅಪ್ಪ ಕಾಫಿ ಸುರಿದ ಕೋಣೆ, ತನ್ನ ಕಾಲಕ್ಕೆ ಖಾಲಿ ಬೀಳುವುದೆಂದರೆ ಅದಕ್ಕಿಂತ ಅವಮಾನ ಇನ್ನೇನಿದೆ? ಅದೂ ಸುಳ್ಳುಗಾರನೆಂಬ ಹೆಸರು ಹೊತ್ತು! ಅವನಿಗೆ ಅಂದು ಊಟ ರುಚಿಸಲಿಲ್ಲ. (ಎರಡನೆಯ ಸಲ ಬಡಿಸಿಕೊಂಡದ್ದು ಅಭ್ಯಾಸಬಲದಿಂದ.)

ಮರುದಿನ ತಲೆನೋವೆಂದು ಕಚೇರಿಯಿಂದ ಬೇಗ ಬಂದ. ದೀವಾನಿಯಾದೊಳಗಿಂದ ಹೆಂಡತಿಯ ಮಾತು ಕೇಳಿಸಿತು. ಇಣುಕಿದರೆ, ಹಳದಿ ಹೂಗಳ ಹಸಿರು ನಿಲುವಂಗಿ ತೊಟ್ಟ ಸಬೀಕಾ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮಧ್ಯಾಹ್ನದ ಸಿಗಡಿ ಬಿಡಿಸುತ್ತಿದ್ದಾಳೆ. ಚೂರು ಚೂರು ಮಾಡಿ ತೊಟ್ಟಿಗೆ ಹಾಕುತ್ತಿದ್ದಾಳೆ. ಎರಡೂ ಮೀನು ಗಾಜಿಗೆ ಮೂತಿ ಒತ್ತಿ ನಿಂತಿವೆ.

"...ಆಮೇಲೆ ನಮ್ಮ ನಾದಿನಿ ಏನಂದ್ಲು ಗೊತ್ತಾ? ನಿನ್ನ ಅನ್ನಕ್ಕೆ ಉಪ್ಪು ಜಾಸ್ತಿ ಅಂದ್ಲು. ಹಂಡೇಲಿ ನಿಮ್ಮ ಸಮುದ್ರ ಕಲಸಿದ್ರೆ ಇನ್ನೇನಾಗುತ್ತೆ, ನೀವೇ ಹೇಳಿ..."

ಮೀನುಗಳು ಹೇಳುವಂತೆಯೇ ಬಾಯಿ ತೆರೆದವು.

"ಹೊರಗೆ ಬಂದಿವೆ!" ಎಂದು ಚೀರುತ್ತ ಬಿಳಿ ನಿಲುವಂಗಿಯ ಬು ಜರ್ರಾಹ್ ಒಳನುಗ್ಗಿದ. ಮೀನು ಮಾಯ.

"ಹೆದರಿಸಿಬಿಟ್ಯಲ್ಲ! ಪಾಪ, ಊಟದ ಹೊತ್ತು."

"ಎಷ್ಟು ದಿನದಿಂದ ನಡೀತಿದೆ ಇದು?"

"ಮೊದಲಿಂದಲೂ. ಹಸಿದಿದ್ವು."

"ನಾನು ಜರ್ಮನಿಯ ಆಹಾರ ಹಾಕ್ತೀನಲ್ಲ!"

"ಆ ಒಣಪುಡೀನ ನೀನೊಂದ್ಸಲ ತಿಂದು ನೋಡು, ಆಮೇಲೆ ಮಾತಾಡು."

ಬು ಜರ್ರಾಹನಿಗೆ ಹೊಟ್ಟೆ ಉರಿಯಿತು. ಉಪ್ಪು ತೂಗಿದವನು ತಾನು, ಒಲಿದದ್ದು ಇವಳಿಗೆ! ಮೀನಿನ ಅಂಗಡಿಯವನಿಗೆ ಫೋನು ಮಾಡಿದ. ಅವನು ನಕ್ಕು, ತುತ್ತು ಹಾಕುವವರ ಬಣ್ಣವನ್ನು ಈ ಮೀನು ಗುರುತಿಟ್ಟುಕೊಳ್ಳುತ್ತದೆ, ಬಿಳಿ ನಿಲುವಂಗಿ ಬಿಳಿ ತಲೆವಸ್ತ್ರದ ಗುಂಪು ಒಟ್ಟಿಗೆ ನುಗ್ಗಿದರೆ ಹೆದರದೆ ಇನ್ನೇನು ಮಾಡೀತು ಎಂದ.

"ಸಬೀಕಾ, ಮಂಗಳವಾರ ನೀನೇ ತೊಟ್ಟಿ ಮುಂದೆ ನಿಂತ್ಕೋ."

"ಹಾಜಿ ಮುತ್ಲಕರ ಮುಂದೆ? ಅಷ್ಟು ಗಂಡಸರ ನಡುವೆ? ತಲೆ ನೆಟ್ಟಗಿದೆಯಾ ನಿಂಗೆ?"

ಬು ಜರ್ರಾಹ್ ಗಡ್ಡ ಕೆರೆದುಕೊಂಡ. ಸಬೀಕಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನಿಗೆ ಮಹಾ ಆಲೋಚನೆಯೊಂದು ಹೊಳೆಯಿತು.

"ಹಾಗಾದ್ರೆ ನಿನ್ನ ನಿಲುವಂಗಿ ಕೊಡು. ನಾನೇ ತೊಟ್ಕೋತೀನಿ!"

ಸಬೀಕಾ ಬಾಯಿ ಮುಚ್ಚಿದಳು. (ಮದುವೆಯಾದ ಮೇಲೆ ಇದೇ ಮೊದಲು.) ಅವನನ್ನು ಮೇಲಿಂದ ಕೆಳಗೆ ನೋಡಿ, "ಆಗಲಿ, ಕೊಡ್ತೀನಿ" ಎಂದಳು, ಬಹಳ ವಿಧೇಯಳಾಗಿ.

ಉಪಾಯ ಸರಳವಾಗಿತ್ತು. ಜನ ಬರುವುದು ರಾತ್ರಿಯ ನಮಾಜಿನ ಮೇಲೆ. ಅದಕ್ಕೂ ಮುಂಚೆ ಸಬೀಕಾ ಆಗಿ ಕೂತು ಮೀನನ್ನು ಹೊರಗೆಳೆಯುವುದು. ಸಿಗಡಿಯ ಆಸೆ ಹಚ್ಚಿ ಗಾಜಿನ ಬಳಿ ನಿಲ್ಲಿಸುವುದು. ಹೆಜ್ಜೆಸದ್ದು ಕೇಳಿದೊಡನೆ ನಿಲುವಂಗಿ ಕಳಚಿ ಬು ಜರ್ರಾಹ್ ಆಗುವುದು.

ಮಂಗಳವಾರ ಸಂಜೆ ಸಬೀಕಾ ತಾನೇ ಅವನ ತಲೆಗೆ ವಸ್ತ್ರ ಸುತ್ತಿದಳು. ಭುಜದ ಹೊಲಿಗೆ ಪಟಪಟ ಎಂದಿತು. ಅವನು ಹೋಗಿ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಸಿಗಡಿಚೂರು ಹಾಕಿದ. ಪೊಟರೆಯಲ್ಲಿ ಒಂದು ಕೆಂಪು ಮೂತಿ ಕಂಡಿತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತಿದ್ದಂತೆ ಎರಡೂ ಹೊರಬಂದು ಅವನ ಮೂಗಿನ ನೇರಕ್ಕೆ ನಿಂತವು. ದೊಡ್ಡದು ಬೆನ್ನಿನ ರೆಕ್ಕೆ ನಿಗುರಿಸಿ ಸುತ್ತು ಹಾಕಿತು, ಚಿಕ್ಕದು ಅದರ ಕೆಳಗೆ ವಾಲಾಡಿತು, ನೀಲಿ ಅಂಚು ಮಿರಮಿರ ಮಿನುಗಿತು. ಬು ಜರ್ರಾಹನ ಕಣ್ಣು ತುಂಬಿ ಬಂತು. ಅಷ್ಟು ಹತ್ತಿರದಿಂದ ತನ್ನ ಮೀನನ್ನು ಅವನೇ ನೋಡಿರಲಿಲ್ಲ.

ಆದರೆ ಆ ದಿನ ಹಾಜಿ ಮುತ್ಲಕರಿಗೆ ತೀರ್ಪು ಕೊಡುವ ಆತುರ. ಸಂಜೆಯ ನಮಾಜು ಮುಗಿಸಿ ನೇರವಾಗಿ ಎಲ್ಲರನ್ನೂ ಕರೆದುಕೊಂಡು ಬಂದೇಬಿಟ್ಟರು. ಮೀನಿನಲ್ಲಿ ಮುಳುಗಿದ್ದ ಬು ಜರ್ರಾಹನಿಗೆ ಹೆಜ್ಜೆಸದ್ದು ಕೇಳಲಿಲ್ಲ. ತೆರೆದ ಬಾಗಿಲಲ್ಲಿ ಅವರು ಕಂಡದ್ದು ಹಸಿರು ನಿಲುವಂಗಿಯ ಹೆಂಗಸಿನ ಬೆನ್ನು.

"ಯಾ ಸಾತಿರ್!" ಎಂದು ಹಾಜಿ ಮುತ್ಲಕ್ ಗುಡುಗಿದರು. ಹೆಂಗಸರಿರುವ ಕಡೆ ಗೊತ್ತಿಲ್ಲದೆ ಕಾಲಿಟ್ಟರೆ ಮರ್ಯಾದಸ್ಥರು ಕೂಗುವ ಮಾತು ಅದು. ಮರುಕ್ಷಣವೇ ಅಷ್ಟೂ ಗಂಡಸರು ಗಿರಕ್ಕನೆ ತಿರುಗಿ ಅಂಗಳದಲ್ಲಿ ಸಾಲಾಗಿ ಬೆನ್ನು ತೋರಿಸಿ ನಿಂತರು.

ಬು ಜರ್ರಾಹ್ ತೊಟ್ಟಿ ನೋಡಿದ, ಬೆನ್ನುಗಳನ್ನು ನೋಡಿದ. ಮೀನು ಎಂದೂ ಕುಣಿಯದ ಹಾಗೆ ಕುಣಿಯುತ್ತಿದೆ, ನೋಡಬೇಕಾದವರೆಲ್ಲ ಎದುರುಮನೆಯ ಗೋಡೆ ನೋಡುತ್ತಿದ್ದಾರೆ! ನಿಲುವಂಗಿ ಕಳಚಿದರೆ ಮೀನು ಮಾಯ. ಕಳಚದಿದ್ದರೆ ಇವರು ತಿರುಗುವುದಿಲ್ಲ. ಸುಮ್ಮನೆ ಒಳಗೆ ಓಡಿಹೋದರೆ ತನ್ನ ಗಂಡಸುತನದ ಮರ್ಯಾದೆ ಉಳಿಯುತ್ತದೆ, ಮಂಗಳವಾರ ಹೋಗುತ್ತದೆ. ಅವನು ಅರೆಗಳಿಗೆ ತಳಮಳಿಸಿದ. ಆಮೇಲೆ ಮೀನಿನ ಹೆಮ್ಮೆಯೇ ಗೆದ್ದಿತು.

"ಹಾಜಿ, ನಾನೇ! ಬು ಜರ್ರಾಹ್! ಈ ಕಡೆ ತಿರುಗಿ!"

"ತಂಗೀ," ಎಂದರು ಹಾಜಿ, ಗೋಡೆಯನ್ನೇ ನೋಡುತ್ತ, "ನಿನ್ನ ಗಂಟಲು ಪೂರಾ ಕೆಟ್ಟಿದೆ, ಶುಂಠಿ ಕಷಾಯ ಕುಡಿ. ಗಂಡ ಬಂದಮೇಲೆ ನಾವು ಬರ್ತೀವಿ."

"ಅಯ್ಯೋ, ನನ್ನ ಗಡ್ಡ ನೋಡಿ ಹಾಜಿ!"

"ಅಲ್ಲಾಹ್! ಪಾಪ, ಹೆಣ್ಣುಮಗಳು, ಏನು ಕಾಯಿಲೆಯೋ!"

ಬು ದುಐಜನಿಗೆ ಮಾತ್ರ ಸಭ್ಯತೆ ಸ್ವಲ್ಪ ಕಡಿಮೆ. ಬೆರಳ ಸಂದಿಯಿಂದ ಓರೆಗಣ್ಣಲ್ಲಿ ನೋಡಿದ. ನೋಡಿದವನೇ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದ. "ಹಾಜಿ, ಇದು ಇವನೇ! ಹೂವಿನ ನಿಲುವಂಗೀಲಿ ನಮ್ಮಣ್ಣ!"

"ನಗೋದಾದ್ರೆ ಆಮೇಲೆ ನಗು," ಎಂದ ಬು ಜರ್ರಾಹ್ ಕದಲದೆ. "ಸದ್ದು ಮಾಡದೆ ಒಬ್ಬೊಬ್ಬರೇ ನನ್ನ ಹಿಂದೆ ಬಂದು ನೋಡಿ."

ಬಂದರು. ಹೂವಿನ ಭುಜದ ಮೇಲಿಂದ ಬಗ್ಗಿ ನೋಡಿದರು. ಹಾಜಿ ಮುತ್ಲಕ್ ಕಣ್ಣು ಕಿರಿದು ಮಾಡಿ ಎರಡೂ ಮೀನನ್ನು ಎಣಿಸಿದರು. "ಮಾಶಾ ಅಲ್ಲಾಹ್," ಎಂದರು ಕೊನೆಗೆ, ಮೆಲ್ಲಗೆ. "ಇದನ್ನ ಕಂಡಿದ್ರೆ ನಮ್ಮಜ್ಜ ಮುತ್ತು ಮರೆತು ಇದನ್ನೇ ನೋಡ್ತಾ ಕೂತಿರ್ತಿದ್ದರು. ಬು ಜರ್ರಾಹ್, ನಿನ್ನ ಮಾತು ನಿಜ. ಮಂಗಳವಾರ ಇಲ್ಲೇ."

ಬು ಜರ್ರಾಹ್ ಎದ್ದುನಿಂತ. ಎಡಗೈಯಲ್ಲಿ ಹೂಜಿ, ಬಲಗೈಯಲ್ಲಿ ಬಟ್ಟಲು ಹಿಡಿದು, ಅಜ್ಜನ ಠೀವಿಯಲ್ಲಿ, ಅದೇ ನಿಲುವಂಗಿಯಲ್ಲಿ ಎಲ್ಲರಿಗೂ ಕಾಫಿ ಸುರಿದ. ಅಂಥ ಹೆಮ್ಮೆಯ ಸಂಜೆ ಅವನ ಬಾಳಿನಲ್ಲಿ ಬಂದಿರಲಿಲ್ಲ.

ಮುಂದಿನ ಮಂಗಳವಾರ ಅಂಗಳದಲ್ಲಿ ಚಪ್ಪಲಿ ಬಿಡಲು ಜಾಗವಿಲ್ಲ. ಬು ದುಐಜನ ಬಿಲಿಯರ್ಡ್ಸ್ ಮೇಜನ್ನು ಧೂಳಿಗೆ ಬಿಟ್ಟು ಅವನ ದೀವಾನಿಯಾದ ಜನವೂ ಇಲ್ಲಿಗೇ ಬಂದಿತ್ತು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ನಿಲುವಂಗಿಯಲ್ಲಿ ಬು ಜರ್ರಾಹ್ ಕಂಗೊಳಿಸುತ್ತಿದ್ದ. ಅಷ್ಟರಲ್ಲಿ ಪವಾಡವೇ ಆಯಿತು. ಕೋಣೆತುಂಬ ಬಿಳಿ ಬಟ್ಟೆ ಇದ್ದರೂ ಮೀನುಗಳು ತಾವಾಗಿಯೇ ಹೊರಬಂದು ಗಾಜಿನುದ್ದಕ್ಕೂ ಮೆರವಣಿಗೆ ಹೊರಟವು.

"ನೋಡಿ! ನೋಡಿ!" ಎಂದ ಬು ಜರ್ರಾಹ್.

ಯಾರೂ ನೋಡಲಿಲ್ಲ. "ಮೀನು ಹೋದ ವಾರಾನೇ ನೋಡಿ ಆಯ್ತಲ್ಲ," ಎಂದ ಬು ದುಐಜ್. "ಹೊಸಬರು ಬಂದಿದ್ದಾರೆ ಅಣ್ಣಾ. ಅದನ್ನ ಯಾವಾಗ ತೊಡ್ತೀಯ?"

"ನಮ್ಮ ಬೀಗರು ಅಷ್ಟು ದೂರದ ಜಹ್ರಾದಿಂದ ಇದಕ್ಕೇಂತ ಬಂದಿದ್ದಾರೆ," ಎಂದರು ಹಾಜಿ ಮುತ್ಲಕ್, ಸಂಕೋಚದಿಂದಲೇ. "ನಿರಾಸೆ ಮಾಡಬೇಡಪ್ಪ."

ಬು ಜರ್ರಾಹ್ ತಲೆ ತಗ್ಗಿಸಿ ಒಳಬಾಗಿಲಿಗೆ ಬಂದ. ಸಬೀಕಾ ಅಲ್ಲೇ ನಿಂತಿದ್ದಳು.

"ಬಿಳಿ ಕಂಡ್ರೂ ಮೀನು ಹೇಗೆ ಬಂದ್ವು ಇವತ್ತು?"

"ವಾರವಿಡೀ ನಿನ್ನ ಬಿಳಿ ನಿಲುವಂಗಿ ತೊಟ್ಕೊಂಡೇ ಸಿಗಡಿ ಹಾಕ್ದೆ. ಅಭ್ಯಾಸ ಆಯ್ತು ಅವಕ್ಕೆ."

"ಇಷ್ಟು ಸುಲಭಾನಾ? ಮೊದಲೇ ಹೊಳೀಲಿಲ್ವಾ ನಿಂಗೆ?"

"ಹೊಳೀತು. ಹೇಳೋಣ ಅಂತ ಬಾಯೂ ತೆರೆದೆ. ಅಷ್ಟರಲ್ಲಿ ನೀನು ನನ್ನ ನಿಲುವಂಗಿ ಕೇಳಿದೆ. ಆಮೇಲೆ ಹೇಳೋಕೆ ಮನಸ್ಸೇ ಬರಲಿಲ್ಲ ನೋಡು."

ಹೊರಗೆ ಹಾಜಿಯವರ ಬೀಗರು ಕೆಮ್ಮಿದರು.

"ಹಸಿರು ಒಗೆಯೋಕೆ ಹಾಕಿದ್ದೀನಿ," ಎಂದಳು ಸಬೀಕಾ. "ನೇರಳೆ ಇದೆ. ಆಗುತ್ತಾ?"

ಬು ಜರ್ರಾಹ್ ಎದೆ ಸೆಟೆಸಿ ನಿಂತ. "ತಾ. ಜಹ್ರಾದಿಂದ ಬಂದಿದ್ದಾರೆ, ತಲೆವಸ್ತ್ರಾನೂ ನೇರಳೆಗೆ ಒಪ್ಪೋದೇ ಇರಲಿ."