ನಾಲ್ಕು ಬೆರಳು ಗಿಡ್ಡವಾದ ಚೈನು

"ಎರಡು ಚಕ್ರಕ್ಕೆ ಎರಡು ಚೈನು ತೊಡಿಸೋಕೆ ಮೆಕ್ಯಾನಿಕ್ ಬೇಕಾ? ಇಪ್ಪತ್ತೆರಡು ವರ್ಷ ಗಣಿತ ಕಲಿಸಿದೀನಿ ಕಣೇ! ವೃತ್ತದ ಸುತ್ತಳತೆ ನನಗೇ ಹೇಳಿಕೊಡ್ತೀಯಾ?"

ಗಣಿತದ ಮೇಷ್ಟ್ರು ಹೀಗೆ ಗುಡುಗಿದ್ದು ಹೆಂಡತಿಯ ಎದುರು. ಆಕೆ ನರ್ಸು. ಬೆಟ್ಟದ ಮೇಲಿನ ಒಂಟಿ ಮನೆಗಳಿಗೆ ಹೋಗಿಬರಲು ಆಸ್ಪತ್ರೆಯವರು ಆಕೆಗೊಂದು ಎಟಿವಿ ಕೊಟ್ಟಿದ್ದರು. ಬೈಕಿನಂಥ ಹ್ಯಾಂಡಲ್ಲು, ಊದಿಕೊಂಡ ನಾಲ್ಕು ಟೈರು, ಎಂಥ ದಾರಿಯಲ್ಲೂ ಹೋಗುತ್ತದೆಂಬ ಜಂಬ! ಹಿಮ ಬಿದ್ದ ಮೊದಲ ದಿನವೇ ಆ ಜಂಬದ ಗಾಡಿ ಅರ್ಧ ಬೆಟ್ಟದಿಂದ ಹಿಂದಕ್ಕೆ ಜಾರಿ ಚರಂಡಿಯಲ್ಲಿ ಕೂತಿತ್ತು. ಮೇಲೆ, ಕಾಲಿಗೆ ಗಾಯವಾದ ಅಜ್ಜಿಯೊಬ್ಬರು ಪಟ್ಟಿ ಬದಲಾಯಿಸಿಕೊಳ್ಳಲು ಮೂರು ದಿನದಿಂದ ಕಾಯುತ್ತಿದ್ದರು. ಹಿಮದಲ್ಲಿ ಜಾರದಂತೆ ಹಿಂದಿನ ಚಕ್ರಗಳ ಸುತ್ತ ಕಬ್ಬಿಣದ ಚೈನು ಬೀಳದೆ ಗಾಡಿ ಹತ್ತುವಂತಿರಲಿಲ್ಲ.

ಟೈರಿನ ಮೇಲಿದ್ದ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಮೇಷ್ಟ್ರು ಅಂಗಡಿಗೆ ದಂಡಯಾತ್ರೆ ಹೊರಟರು.

"ಏಣಿ ಥರದ್ದು ಕೊಡ್ಲಾ, ಬಲೆ ಥರದ್ದಾ ಸಾರ್?"

"ಗಟ್ಟಿ ಇರೋದು ಕೊಡು!"

"ಈ ನಂಬರು ಮುಂದಿನ ಟೈರಿಂದಾ, ಹಿಂದಿನದಾ?"

"ಎಲ್ಲಾ ಒಂದೇ ಗಾಡಿದು ಕಣಯ್ಯಾ! ಒಂದೊಂದು ಕಾಲು ಒಂದೊಂದು ಥರ ಇರೋಕೆ ಅದೇನು ನಿನ್ನ ಅಂಗಡಿ ಸ್ಟೂಲಾ?"

ಅಂಗಡಿಯವನು ಅದೇ ನಂಬರಿನ ಚೈನು ಕಟ್ಟಿಕೊಟ್ಟ.

ಚರಂಡಿಯಿಂದ ಎಳೆದು ತಂದು ಶೆಡ್ಡಿನಲ್ಲಿ ನಿಲ್ಲಿಸಿದ್ದ ಗಾಡಿಯ ಹಿಂದಿನ ಚಕ್ರಕ್ಕೆ ಸುತ್ತಿ ನೋಡಿದರೆ, ಚೈನಿನ ಎರಡು ತುದಿಗಳ ನಡುವೆ ನಾಲ್ಕು ಬೆರಳಿನ ಅಂತರ!

"ಮೋಸ! ಹಗಲು ದರೋಡೆ!"

ಹೆಂಡತಿ ಬಗ್ಗಿ ನೋಡಿದಳು. "ರೀ, ನೀವು ಬರ್ಕೊಂಡಿರೋದು ಮುಂದಿನ ಟೈರಿನ ನಂಬರು. ಹಿಂದಿನದು ಇನ್ನೂ ದಪ್ಪ ಇದೆಯಲ್ರೀ."

ನಿಜವಾಗಿಯೂ ದಪ್ಪವಿತ್ತು. ಮೇಷ್ಟ್ರ ಮೈ ಉರಿದುಹೋಯಿತು. "ಒಂದೇ ಗಾಡಿಗೆ ಎರಡು ಅಳತೆ! ಮಾಡಿದವನಿಗೆ ನಾಚಿಕೆ ಬೇಡವಾ?"

"ಬದಲಾಯಿಸ್ಕೊಂಡು ಬನ್ನಿ. ಅರ್ಧ ಗಂಟೆ ಕೆಲಸ."

"ಆ ಮನುಷ್ಯನ ಮುಂದೆ ತಲೆ ತಗ್ಗಿಸಿ ನಿಲ್ಲೋದಾ? ನಾನಾ? ಚೈನು ದೊಡ್ಡದಾಗದಿದ್ರೆ ಚಕ್ರ ಚಿಕ್ಕದಾಗಲಿ!"

ಮೇಷ್ಟ್ರು ಟೈರಿನ ಗಾಳಿ ಬಿಟ್ಟರು. ಅದು ಮುಖ ಸೊಟ್ಟ ಮಾಡಿಕೊಂಡು ಕುಸಿಯಿತು. ಅದರ ಮೇಲೆ ಮೊಣಕಾಲೂರಿ, ಹಲ್ಲು ಕಚ್ಚಿ ಚೈನಿನ ತುದಿಯ ಕೊಕ್ಕೆ ಸಿಕ್ಕಿಸತೊಡಗಿದರು.

"ರೀ, ಕೊಕ್ಕೆ ಮೂತಿ ಹೊರಗಡೆ ಇರಬೇಕಂತೆ. ಚೈನಿನ ಜೊತೆ ಬಂದ ಚೀಟೀಲಿ ಚಿತ್ರ ಹಾಕಿದಾರೆ."

"ಚಿತ್ರ ಬಿಡಿಸಿದವನಿಗೆ ಗಣಿತ ಗೊತ್ತಾ? ಉಗುರು ಒಳಗಿದ್ರೆ ತಾನೇ ಹಿಡಿತ!"

ಆಕೆ ಗಡಿಯಾರ ನೋಡಿದಳು, ಗಂಡನನ್ನು ನೋಡಿದಳು, ಔಷಧಿ ಚೀಲ ತುಂಬತೊಡಗಿದಳು. ಮೇಷ್ಟ್ರು ಪಂಪು ಒತ್ತಿದರು. ಟೈರು ಉಬ್ಬಿತು, ಚೈನು ಬಿಗಿಯಿತು. "ನೋಡು, ಹೆಂಗೆ ಮೈಗಂಟಿ ಕೂತಿದೆ!" ಎಂದು ಬೀಗುತ್ತಾ ಇನ್ನೊಂದು ಹತ್ತು ಸಲ ಒತ್ತಿದರು. ಕೊಕ್ಕೆ ಮೆಲ್ಲಗೆ ಟೈರಿನ ಪಕ್ಕೆಯೊಳಗೆ ಇಳಿಯಿತು.

ಡುಸ್ಸ್ಸ್!

"ಚುಚ್ಚೋದು ನನ್ನ ಕೆಲಸ ಅಂದ್ಕೊಂಡಿದ್ದೆ," ಎಂದಳು ನರ್ಸು.

"ಕಳಪೆ ಟೈರು! ಆಸ್ಪತ್ರೆಯವರಿಗೆ ಪತ್ರ ಬರೀತೀನಿ!"

"ಆಮೇಲೆ ಬರೀರಿ. ಅಜ್ಜಿ ಕಾಲು ನಿಮ್ಮ ಪತ್ರಕ್ಕೆ ಕಾಯಲ್ಲ. ನಡ್ಕೊಂಡೇ ಹೋಗೋಣ, ಈ ಚೀಲ ಹೊರಿ."

ಔಷಧಿ ಚೀಲ ಮೇಷ್ಟ್ರ ಹೆಗಲೇರಿತು. ಅಂಗಡಿಯವನನ್ನು ಬೈಯುತ್ತಾ ಕಾಲು ಬೆಟ್ಟ, ಟೈರನ್ನು ಬೈಯುತ್ತಾ ಅರ್ಧ ಬೆಟ್ಟ ಹತ್ತಿದರು. ಅಲ್ಲಿಗೆ ಬೈಯಲು ಉಸಿರೇ ಉಳಿಯಲಿಲ್ಲ. ಮೂರು ಸಲ ಜಾರಿ ಬಿದ್ದರು. ಅಜ್ಜಿಯ ಗಾಯ ಕೆಟ್ಟಿದ್ದರೆ ಅದಕ್ಕೆ ತಮ್ಮ ಹಠವೇ ಕಾರಣವಲ್ಲವೇ ಎಂದು ಆಗ ಮೊದಲ ಸಲ ಅವರಿಗೆ ಹೆದರಿಕೆಯಾಯಿತು. ಆ ಹೆದರಿಕೆಯಲ್ಲೇ, ಕೊನೆಯ ಏರನ್ನು ಮಾನಮರ್ಯಾದೆ ಬಿಟ್ಟು ಅಂಬೆಗಾಲಿನಲ್ಲಿ ಹತ್ತಿದರು.

ಅಜ್ಜಿ ಕಾಲು ಚಾಚಿಕೊಂಡು ಮಂಚದ ಮೇಲೆ ಕೂತಿದ್ದರು. ನರ್ಸು ಪಟ್ಟಿ ಬಿಚ್ಚಿ ನೋಡಿ, "ಪರವಾಗಿಲ್ಲ ಅಜ್ಜಿ, ಗಾಯ ಒಣಗ್ತಿದೆ," ಎಂದಳು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಬಂದ ಜೀವವನ್ನು ಹಿಡಿದುಕೊಂಡು ಹೊಸ್ತಿಲ ಮೇಲೆಯೇ ಕುಸಿದರು.

ಅಜ್ಜಿ ಗಾಬರಿಯಿಂದ ಮಂಚದ ತುದಿಗೆ ಸರಿದು ಜಾಗ ಮಾಡಿದರು.

"ನನ್ನ ಕಾಲು ಹಾಗಿರಲಿ ತಾಯಿ, ಮೊದಲು ಈ ರೋಗಿಯನ್ನ ಮಲಗಿಸು! ಇಂಥ ಸ್ಥಿತೀಲಿರೋರನ್ನ ಬೆಟ್ಟ ಹತ್ತಿಸಿದೀಯಲ್ಲ, ಗಾಡೀಲಿ ಕೂರಿಸ್ಕೊಂಡು ಬರಬಾರದಿತ್ತಾ?"