ಮಾಮಾ, ಬಿಡ್ರಿ!

ಮರ್ಯಾದೆ ಒಳ್ಳೆಯ ಗುಣ, ಒಪ್ಪಿದೆ. ಆದರೆ ಅದಕ್ಕೆ ಸಮಯ ಹಿಡಿಯುತ್ತದೆ ಎಂಬುದನ್ನು ಹಿರಿಯರು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನಮ್ಮ ಕಡೆ ಮಾತಿನ ತುದಿಗೆ ಒಂದು ‘ರಿ’ ಹಚ್ಚಿದರೆ ಸಾಕು, ಎದುರಿನವನು ದೊಡ್ಡವನಾಗುತ್ತಾನೆ, ಹಚ್ಚಿದವನು ಒಳ್ಳೆಯ ಮನೆತನದವನಾಗುತ್ತಾನೆ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಬೀಗರ ಮನೆಯಲ್ಲಿ ಇದರಿಂದ ಯಾರಿಗೂ ಲುಕ್ಸಾನಿಲ್ಲ. ಆದರೆ ಎದುರಾಳಿಯೊಬ್ಬ ಎಗರಿ ಹೊಡೆದ ಶಟಲ್ ನಿಮ್ಮ ಮೂಗಿನ ನೇರಕ್ಕೆ ಬರುತ್ತಿರುವಾಗ ಆ ಒಂದು ಅಕ್ಷರಕ್ಕೆ ಜಾಗ ಸಾಲುವುದಿಲ್ಲ. ಇದು ನನಗೆ ಗೊತ್ತಾದದ್ದು ಹೇಗೆಂದರೆ, ನಾನು ಬ್ಯಾಡ್ಮಿಂಟನ್ ಡಬಲ್ಸ್ ಆಡಿಯೇ ಹೊಟ್ಟೆ ಹೊರೆಯುವವನು.

ಇದು ಒಂದು ಉದ್ಯೋಗ ಎಂದು ಜನರಿಗೆ ನಂಬಿಸುವುದೇ ಒಂದು ಉದ್ಯೋಗ. ಒಮ್ಮೆ ರೈಲಿನಲ್ಲಿ ಕಾಗಿನೆಲೆಗೆ ಹೊರಟಿದ್ದ ಹಿರಿಯರೊಬ್ಬರು ನನ್ನ ಹೆಗಲ ಮೇಲಿನ ಉದ್ದನೆಯ ಚೀಲವನ್ನು ಬಹಳ ಹೊತ್ತು ನೋಡಿ, “ಏನ್ ಬಾರಸ್ತೀರಿ?” ಎಂದು ಕೇಳಿದರು. ಬಾರಿಸುವುದು ನಿಜ, ವಾದ್ಯವಲ್ಲ, ಇಬ್ಬರು ಕೂಡಿ ಬ್ಯಾಡ್ಮಿಂಟನ್ ಆಡುತ್ತೇವೆ ಎಂದೆ. ಅವರು ಸ್ವಲ್ಪ ಯೋಚಿಸಿ, “ಇಬ್ಬರು ಯಾಕ? ಒಬ್ಬಾಂವನ ಕೈಲೆ ಆಗಂಗಿಲ್ಲೇನು?” ಎಂದರು. ಬ್ಯಾಡಗಿಯಲ್ಲಿ ಅವರು ಇಳಿದು ಹೋದರು. ಅವರ ಪ್ರಶ್ನೆ ಮಾತ್ರ ನನ್ನ ಪಕ್ಕದಲ್ಲೇ ಕೂತು ಹಾವೇರಿಯವರೆಗೆ ಬಂತು.

ಆ ‘ಇಬ್ಬರಲ್ಲಿ’ ಇನ್ನೊಬ್ಬನ ಹೆಸರು ಬಸವರಾಜ. ಬ್ಯಾಡಗಿಯವನು, ನನಗಿಂತ ಎರಡು ವರ್ಷ ದೊಡ್ಡವನು. ಆದರೆ ನನ್ನ ಬಾಯಲ್ಲಿ ಶಾಲೆಯ ದಿನಗಳಿಂದಲೂ ಬಸ್ಯಾ. ನಾನು ರಾಣೇಬೆನ್ನೂರಿನಲ್ಲಿ ರೈಲು ಹತ್ತಿ ಟವೆಲ್ ಹಾಕಿ ಜಾಗ ಹಿಡಿಯುತ್ತಿದ್ದೆ, ಅವನು ಬ್ಯಾಡಗಿಯಲ್ಲಿ ಹತ್ತಿ ಆ ಟವೆಲ್ಲಿಗೇ ಮುಖ ಒರೆಸಿಕೊಂಡು ಕೂಡುತ್ತಿದ್ದ. ಹಾವೇರಿಯಲ್ಲಿ ಇಳಿದು ಇಬ್ಬರೂ ಅಭ್ಯಾಸಕ್ಕೆ ಹೋಗುತ್ತಿದ್ದೆವು. ಆಮೇಲೆ ಬೆಂಗಳೂರಿನ ಶಿಬಿರಗಳು, ಎಲ್ಲೆಲ್ಲಿಯವೋ ಟೂರ್ನಿಗಳು, ಎರಡು ಮಂಚ ಹಿಡಿಸಿ ಚೀಲಕ್ಕೆ ಜಾಗ ಉಳಿಸದ ಲಾಡ್ಜುಗಳು. ಅವನ ತಾಯಿ ಕಟ್ಟಿಕೊಡುತ್ತಿದ್ದ ಖಾರದ ಪುಡಿಯ ಡಬ್ಬಿ ಅವನ ಚೀಲದಲ್ಲಿ ಸದಾ ಸ್ವಲ್ಪ ತೆರೆದುಕೊಂಡೇ ಇರುತ್ತಿದ್ದುದರಿಂದ ನಮ್ಮ ಕೋಣೆಗೆ ಬಂದವರೆಲ್ಲ ಸೀನಿಯೇ ಹೋಗಬೇಕಿತ್ತು. ಬಸ್ಯಾ ಗಿಡ್ಡ, ಚುರುಕು. ಬಲೆಯ ಹತ್ತಿರ ನಿಂತು ಕೈಚಳಕ ತೋರಿಸುವವನು. ನಾನು ಎತ್ತರ, ಹಿಂದೆ ನಿಂತು ಎಗರಿ ಎಗರಿ ಹೊಡೆಯುವವನು. ಅವನ ಬೆನ್ನು ನನಗೆ ನನ್ನ ಅಂಗೈಗಿಂತ ಚೆನ್ನಾಗಿ ಗೊತ್ತಿತ್ತು. ಎಡಭುಜ ತುಸು ಇಳಿದರೆ ಬಲಕ್ಕೆ ಸರಿಯುತ್ತಾನೆ, ಕುತ್ತಿಗೆ ಒಳಗೆಳೆದುಕೊಂಡರೆ ಮುಂದೆ ನುಗ್ಗುತ್ತಾನೆ.

ಡಬಲ್ಸ್‌ನಲ್ಲಿ ಹೊಡೆಯುವುದಕ್ಕಿಂತ ಕಷ್ಟದ ಕೆಲಸ ಹೊಡೆಯದೆ ಬಿಡುವುದು. ಶಟಲ್ ಗೆರೆಯ ಹೊರಗೆ ಹೋಗುವಂತಿದ್ದರೆ, ಅಥವಾ ಇಬ್ಬರ ನಡುವೆ ಬರುತ್ತಿದ್ದರೆ, ಒಬ್ಬ ಕೂಗಬೇಕು, ಇನ್ನೊಬ್ಬ ಕೈ ಇಳಿಸಬೇಕು. ನಮ್ಮ ಕೂಗು ಒಂದೇ: “ಬಿಡಲೇ!” ಶಿಬಿರದಲ್ಲಿ ನಮಗೆ ಸಿಕ್ಕ ಕೋಚ್ ಮೈಸೂರು ಕಡೆಯವರು. ವಾರವಿಡೀ ಇದನ್ನು ಕೇಳಿ ಕೇಳಿ ಒಂದು ದಿನ ನನ್ನನ್ನು ಕರೆದು, “ಅಲ್ಲಯ್ಯಾ, ಬಿಡಲೇ ಬಿಡಲೇ ಅಂತ ಪ್ರತಿ ಸಲ ಅವನ ಪರ್ಮಿಷನ್ ಯಾಕೆ ಕೇಳ್ತೀಯಾ? ಬಿಡೋದಾದ್ರೆ ಬಿಡು!” ಎಂದು ಗದರಿದರು. ಬಸ್ಯಾನೇ ಬಿಡಿಸಿ ಹೇಳಬೇಕಾಯಿತು: “ಸರ್, ಅಂವ ಕೇಳಾಕತ್ತಿಲ್ರಿ, ಹೇಳಾಕತ್ತಾನ್ರಿ. ನಮ್ಮ ಕಡೆ ಬಿಡಲೇ ಅಂದ್ರ ‘ಲೇ ಮಗನ, ಬಿಡು’ ಅಂತ್ರಿ.” ಕೋಚ್ ತಲೆ ಆಡಿಸಿದರು. ಆದರೆ ಮುಖ ನೋಡಿದರೆ ನಂಬಿದಂತೆ ಕಾಣಲಿಲ್ಲ.

ಹೀಗೆ ನಡೆದಿರುವಾಗ ಬಸ್ಯಾನಿಗೂ ನನ್ನ ಅಕ್ಕ ಗಿರಿಜಳಿಗೂ ಮದುವೆ ಗಟ್ಟಿಯಾಯಿತು. ಹಾವೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಅಕ್ಕ ಒಂದು ಸಂಜೆ ಚಹಾ ಸೋಸುತ್ತಾ ವಿಷಯ ತಿಳಿಸಿದಳು. ಯಾವ ಬಸವರಾಜ ಎಂದು ನಾನು ಕೇಳಿದೆ. ಅಷ್ಟು ಚುರುಕು ನಾನು. ಅವ್ವನಿಗೆ ಮೊದಲೇ ಗೊತ್ತಿತ್ತು. ಅಲ್ಲಿಯವರೆಗೆ “ಏ ಬಸ್ಯಾ, ತಿಂದ ತಾಟು ಎತ್ತಿಡು” ಎನ್ನುತ್ತಿದ್ದ ಅವ್ವ, ನಿಶ್ಚಯದ ಮರುದಿನ ಅವನಿಗೆ ಮಣೆ ಹಾಕಿ ತುಪ್ಪ ಬಡಿಸಿದಳು. ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು: “ನಿನ್ನಿ ತನಕ ಬಸ್ಯಾ. ಇವತ್ತಿಂದ ಈ ಮನಿ ಅಳಿಯ. ಅಕ್ಕನ ಗಂಡಗ ಮಾಮಾ ಅನಬೇಕು, ರಿ ಹಚ್ಚಿ ಮಾತಾಡಬೇಕು.”

“ಮನ್ಯಾಗ ಅಂತೀನಿ ಬಿಡವ್ವಾ. ಕೋರ್ಟ್‌ನ್ಯಾಗ?”

“ಕೋರ್ಟ್‌ನ್ಯಾಗ ಯಾರರ ಲೇ ಅಂತಾರೇನು? ಅಲ್ಲೇ ಇನ್ನೂ ಹೆಚ್ಚಿಗಿ ಮರ್ಯಾದಿ ಬೇಕು.”

ಅವ್ವನ ಮನಸ್ಸಿನಲ್ಲಿದ್ದದ್ದು ಕರಿಕೋಟಿನ ವಕೀಲರಿರುವ ಕೋರ್ಟು ಎಂದು ನನಗೆ ಅನುಮಾನ. ಆದರೆ ತಿದ್ದುವ ಧೈರ್ಯ ಬರಲಿಲ್ಲ.

ಮದುವೆಯಾಗಿ ತಿಂಗಳೊಳಗೆ ಹಾವೇರಿಯಲ್ಲೇ ಒಂದು ಟೂರ್ನಿ ಬಂತು. ಗೆದ್ದ ಜೋಡಿಗೆ ರಾಜ್ಯ ತಂಡದಲ್ಲಿ ಜಾಗ. ಸೋತರೆ ನಮ್ಮಿಬ್ಬರನ್ನೂ ಬೇರೆ ಮಾಡಿ ಹೊಸ ಜೋಡಿ ಕಟ್ಟುವ ಯೋಚನೆ ಇದೆ ಎಂದು ಕೋಚ್ ಮೊದಲೇ ಹೇಳಿಟ್ಟಿದ್ದರು. ಹೇಗೋ ಫೈನಲ್ ತಲುಪಿದೆವು. ಆ ದಿನ ನೋಡಲು ಬಸ್ಯಾನ ತಂದೆ ಚನ್ನಬಸಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬ್ಯಾಡಗಿಯಿಂದ ಬಂದರು. ನಗುವುದನ್ನು ಹಬ್ಬಹುಣ್ಣಿಮೆಗೆಂದು ಎತ್ತಿಟ್ಟ ಮನುಷ್ಯ. ಅವ್ವ ಅವರ ಪಕ್ಕದಲ್ಲೇ, ಮುಂದಿನ ಸಾಲಿನಲ್ಲಿ ಸೆರಗು ಸರಿಮಾಡಿಕೊಂಡು ಕೂತಳು. ಕೂಡುವ ಮೊದಲು ನನ್ನ ಹತ್ತಿರ ಬಂದು, “ಬೀಗರ ಮುಂದ ಅಳಿಯಾಗ ಲೇ ಅಂದಿ ಅಂದ್ರ ನೋಡು, ಮತ್ತ ಮನಿಗೆ ಬರಬ್ಯಾಡ” ಎಂದು ಹೇಳಿ ಹೋದಳು. ಆಟಗಾರನಿಗೆ ಮನೆಯವರು ಹೀಗೆಯೇ ಧೈರ್ಯ ತುಂಬಬೇಕು.

ಆಟ ಸುರುವಾಯಿತು. ಮೊದಲ ಶಟಲ್ ಇಬ್ಬರ ನಡುವೆ ಬಂತು. “ಮಾಮಾ, ಬಿಡ್ರಿ” ಎಂದೆ. ‘ಮಾಮಾ’ ಎನ್ನುವಷ್ಟರಲ್ಲಿ ಶಟಲ್ ಬಂದಿತ್ತು, ‘ಬಿಡ್’ ಎನ್ನುವಷ್ಟರಲ್ಲಿ ಬಿದ್ದಿತ್ತು, ‘ರಿ’ ಎಂದಾಗ ಅಂಪೈರ್ ಅಂಕ ಹೇಳಿಯಾಗಿತ್ತು. ಮುಂದಿನ ಸಲ ಬೇಗನೆ ಕೂಗೋಣವೆಂದು ಬರೀ “ಮಾಮಾ!” ಎಂದೆ. ಮದುವೆಮನೆಯಲ್ಲಿ ತಿಂಗಳಿಡೀ ಆ ಶಬ್ದಕ್ಕೆ “ಏನಪಾ?” ಎಂದು ತಿರುಗಿ ರೂಢಿಯಾಗಿದ್ದ ಬಸ್ಯಾ ಇಲ್ಲಿಯೂ ತಿರುಗಿದ. ಶಟಲ್ ಅವನ ಬೆನ್ನಿಗೆ ಬಡಿದು ಕೆಳಗೆ ಬಿತ್ತು. ಮುಂದಿನ ಸಲ ನನಗೆ ಬಂದದ್ದನ್ನು ಅವನಿಗೆ ಬಿಟ್ಟೆ, ಅವನು ನನಗೆ ಬಿಟ್ಟ. ಪಂಗತಿಯಲ್ಲಿ ಕೊನೆಯ ಹೋಳಿಗೆಯನ್ನು ‘ನೀವು ಹಾಕಿಸ್ಕೊರಿ, ನೀವು ಹಾಕಿಸ್ಕೊರಿ’ ಎಂದು ಇಬ್ಬರೂ ತಳ್ಳುತ್ತಾರಲ್ಲ, ಹಾಗೆ ಅದು ನಮ್ಮಿಬ್ಬರ ಮಧ್ಯೆ ತಣ್ಣಗೆ ಕೂತಿತು. ಮೊದಲ ಗೇಮ್ ಹೋಯಿತು.

ವಿರಾಮದಲ್ಲಿ ಕೋಚ್ ಓಡಿ ಬಂದು, “ಏನ್ರೋ ಆಗಿದೆ ನಿಮಗೆ? ಜಗಳ ಆಡಿದ್ದೀರಾ?” ಎಂದರು. ಇಲ್ಲ ಸರ್, ಸಂಬಂಧ ಆಗಿದೆ ಎಂದೆ. ಬಸ್ಯಾ ನೀರು ಕುಡಿದು ಬಾಟ್ಲಿ ಕುಕ್ಕಿ, “ಲೇ ಮಂಜ್ಯಾ, ನನಗ ಮರ್ಯಾದಿ ಕೊಡಬ್ಯಾಡಲೇ. ಪಾಯಿಂಟ್ ಕೊಡು” ಎಂದ.

“ಅವ್ವ ಕುಂತಾಳಲೇ ಅಲ್ಲೆ. ನಿಮ್ಮಪ್ಪ ಬ್ಯಾರೆ.”

“ಹಂಗಾರ ಬಾಯಿ ಮುಚ್ಚಿಕೊಂಡು ಆಡು. ಏನೂ ಅನಬ್ಯಾಡ.”

ಎರಡನೆಯ ಗೇಮ್ ಮೂಕರಂತೆ ಆಡಿದೆವು. ಆಶ್ಚರ್ಯವೆಂದರೆ ಗೆದ್ದೆವು. ಇಬ್ಬರೂ ಎಲ್ಲದಕ್ಕೂ ನುಗ್ಗಿ ಎರಡು ಸಲ ರ್‍ಯಾಕೆಟ್ಟಿಗೆ ರ್‍ಯಾಕೆಟ್ ಬಡಿಸಿದ್ದು ಬಿಟ್ಟರೆ ಕುಂದೇನಿಲ್ಲ. ಮೂರನೆಯದು ಕೊನೆಯವರೆಗೂ ಜಗ್ಗಾಡಿತು. ಅವರು ಒಂದಂಕ ಮುಂದಿದ್ದರು, ಇನ್ನೊಂದು ಬಂದರೆ ಮುಗಿಯಿತು. ಇಬ್ಬರೂ ಅಕ್ಕಪಕ್ಕ ನಿಂತು ಕಾಯುತ್ತಿದ್ದೆವು. ಎದುರಿನವನು ಎಗರಿ ಬಸ್ಯಾನ ಕಡೆಯ ಗೆರೆಯತ್ತ ಹೊಡೆದ. ಅದು ಹೊರಗೆ ಹೋಗುವುದು ನನ್ನ ಕಣ್ಣಿಗೆ ಕನ್ನಡಿಯಷ್ಟು ಸ್ಪಷ್ಟವಾಗಿ ಕಂಡಿತು. ಬೀಗರು, ಅವ್ವ, ಮನೆತನ ಎಲ್ಲ ಮರೆತು ಹೋಯಿತು.

“ಬಿಡಲೇ ಬಸ್ಯಾ! ಔಟ್ ಐತಿ!”

ಎತ್ತಿದ್ದ ರ್‍ಯಾಕೆಟ್ಟನ್ನು ಬಸ್ಯಾ ಹಾಗೆಯೇ ಇಳಿಸಿದ. ಶಟಲ್ ಗೆರೆಯ ಮೇಲೆ ಬಂದು, ಅಳತೆ ಮಾಡಿ ಇಟ್ಟಂತೆ, ಕೂತಿತು. ಗೆರೆ ಮುಟ್ಟಿದರೂ ಒಳಗೆಂದೇ ಲೆಕ್ಕ.

ಸೋತ ಮೇಲೆ ಏನು ಮಾಡಬೇಕೆಂಬುದು ವೃತ್ತಿ ಆಟಗಾರರಿಗೆ ಅಭ್ಯಾಸವಾಗಿರುತ್ತದೆ. ಕೈಕುಲುಕಬೇಕು, ಚೀಲ ಕಟ್ಟಬೇಕು, ಬೂಟಿನ ದಾರ ಬಿಚ್ಚುತ್ತಾ ಬಹಳ ಹೊತ್ತು ನೆಲ ನೋಡಬೇಕು. ನಾನು ನೆಲ ನೋಡುತ್ತಿದ್ದಾಗ ಎದುರಿಗೆ ಚನ್ನಬಸಪ್ಪನವರ ಚಪ್ಪಲಿ ಕಂಡವು. ಆಯಿತು, ಅಕ್ಕನ ಸಂಸಾರಕ್ಕೇ ಕಲ್ಲು ಹಾಕಿದೆ ಎಂದುಕೊಂಡೆ. ಅವರು ನನ್ನ ಪಕ್ಕ ಕೂತು, ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದರು: “ತಮ್ಮಾ, ನಮ್ಮ ಬಸವರಾಜ ಹುಟ್ಟಿದಾಗಿಂದ ನನ್ನ ಮಾತು ಒಂದೂ ಕೇಳಿದಾಂವಲ್ಲ. ಎಡಕ್ಕ ಹೋಗು ಅಂದ್ರ ಬಲಕ್ಕ ಹೋಗಾಂವ. ನೀ ಬಿಡಲೇ ಅಂದಕೂಡಲೆ ಹಿಂದ ನೋಡದ ಕೈ ಇಳಿಸಿದನಲ್ಲೋ! ಅದನ್ನ ಹೆಂಗ ಅಂದಿ? ಇನ್ನೊಮ್ಮೆ ಅಂದು ತೋರಸು.” ನಾನು ತೋರಿಸಲಿಲ್ಲ. ತೋರಿಸಿದ್ದರೆ ಅಳು ಬರುತ್ತಿತ್ತು. ಅವರ ಹಿಂದೆಯೇ ಬಂದ ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅನ್ನೂದ ಅಂದಿ, ಖರೇನ ಔಟ್ ಇದ್ದಾಗರ ಅನಬಾರದಾಗಿತ್ತೇನು?” ಎಂದಳು.

ಬಸ್ಯಾ ಬ್ಯಾಡಗಿಯ ಮನೆಗೆ ಹೊರಡುವಾಗ ಗಾಡಿಯ ಕಿಟಕಿಯಿಂದ ತಲೆ ಹೊರಹಾಕಿ, “ನನಗೂ ಔಟ್ ಅಂತನ ಕಂಡಿತ್ತಲೇ” ಎಂದ. ಅದು ಸುಳ್ಳು ಎಂದು ನನಗೆ ಗೊತ್ತು. ಸುಳ್ಳು ಹೇಳುವಾಗ ಅವನ ಎಡಭುಜ ಇಳಿಯುತ್ತದೆ.

ಮದುವೆ ಮುರಿಯಲು ಹಿರಿಯರು ಕೂಡಬೇಕು, ಡಬಲ್ಸ್ ಜೋಡಿ ಮುರಿಯಲು ಕೋಚ್ ಒಂದು ಫೋನ್ ಮಾಡಿದರೆ ಸಾಕು. ಬಸ್ಯಾನಿಗೆ ಕರಾವಳಿ ಕಡೆಯ ಎತ್ತರದ ಆಟಗಾರನೊಬ್ಬ ಸಿಕ್ಕ. ನನಗೆ ಸಿಕ್ಕವನು ಕೋಲಾರದವನು. ಎರಡನೆಯ ವಾರವೇ ಕಾಲು ಉಳುಕಿಸಿಕೊಂಡು ಊರಿಗೆ ಹೋದ. ಬೆಳಗಿನ ರೈಲಿನಲ್ಲಿ ಯಾರಿಗೂ ಜಾಗ ಹಿಡಿಯುವುದಿರಲಿಲ್ಲ, ಆದರೂ ಟವೆಲ್ ಹಾಕುತ್ತಿದ್ದೆ. ಬ್ಯಾಡಗಿಯಲ್ಲಿ ಯಾರೋ ಹತ್ತಿ ಅದನ್ನು ಸರಿಸಿ ಕೂಡುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು.

ಅಂಥ ಖಾಲಿ ದಿನಗಳಲ್ಲೇ ರಾಣೇಬೆನ್ನೂರಿನ ಒಂದು ಹೊಸ ಹಾಲ್‌ನಲ್ಲಿ ಪಂದ್ಯಗಳಾದವು. ಬಸ್ಯಾನ ಹೊಸ ಜೋಡಿಯೂ ಬಂದಿತ್ತು. ಅಕ್ಕ ನನ್ನನ್ನೂ ಎಳೆದುಕೊಂಡು ಹೋದಳು. ಅವನು ಬೇರೊಬ್ಬನ ಜೊತೆ ಹೇಗೆ ಆಡುತ್ತಾನೆ ಎಂಬ ಕುತೂಹಲ ನನಗೆ ಎಷ್ಟಿತ್ತೋ, ಚೆನ್ನಾಗಿ ಆಡದಿರಲಿ ಎಂಬ ಆಸೆಯೂ ಅಷ್ಟೇ ಇತ್ತು. ನಾನು ರೂಢಿಯಂತೆ ಅವನ ಬೆನ್ನ ಕಡೆ ಹೋಗಿ ಕೂತೆ. ಅಕ್ಕ ಕೈ ಹಿಡಿದು ಎಬ್ಬಿಸಿದಳು.

“ಇಲ್ಲೆ ಬ್ಯಾಡೋ. ಆ ಕಡೆ ಕುಂದ್ರೂಣು ನಡಿ. ಇಲ್ಲಿಂದ ಮಾರಿ ಕಾಣಂಗಿಲ್ಲ.”

“ಆಟ ನೋಡಾಕ ಬಂದೀಯೋ, ಮಾರಿ ನೋಡಾಕೋ?”

“ನೀ ಸುಮ್ನ ಬಾ.”

ಎದುರು ತುದಿಯಲ್ಲಿ ಕೂತ ಮೇಲೆ, ಇಷ್ಟು ವರ್ಷ ಜೊತೆಗೆ ಆಡಿದವನ ಮುಖವನ್ನು ಪಂದ್ಯದ ನಡುವೆ ನಾನು ಮೊದಲ ಸಲ ನೋಡಿದೆ. ಅಭ್ಯಾಸದಲ್ಲಿ ಅದು ಗೋಡೆಯಂಥ ಮುಖ, ಕೋಚ್ ತೋರಿಸುವ ವಿಡಿಯೋಗಳಲ್ಲಿ ಎಳ್ಳಿನಷ್ಟು ಚಿಕ್ಕದು. ಇಲ್ಲಿ ಎದುರಾಳಿ ಸರ್ವಿಸ್ ಮಾಡಲು ಶಟಲ್ ಹಿಡಿದು ನಿಂತಾಗ, ಬಲೆಯ ಹತ್ತಿರ ಬಗ್ಗಿ ನಿಂತ ಬಸ್ಯಾ ಒಂದು ಕೆನ್ನೆ ಉಬ್ಬಿಸಿ, ಒಂದೇ ಹುಬ್ಬು ಮೇಲೆತ್ತಿ, ಅವನನ್ನು ಬಹಳ ಕನಿಕರದಿಂದ ನೋಡಿದ. ‘ಬರುವಾಗ ಮನೆಗೆ ಕೀಲಿ ಹಾಕಿದ್ದಿರಾ?’ ಎಂದು ಕೇಳುವಂಥ ನೋಟ. ಪಾಪ, ಎದುರಾಳಿಗೆ ಅನುಮಾನ ಹತ್ತಿತು. ಶಟಲ್ ನೇರವಾಗಿ ಬಲೆಗೆ ಹೋಯಿತು. ಹುಬ್ಬು ಎತ್ತಬಾರದೆಂದು ಅಂಪೈರ್ ತಾನೇ ಹೇಗೆ ಹೇಳಬೇಕು? ಪಕ್ಕದಲ್ಲಿ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಗೇಮ್ ಮುಗಿದು ಆಟಗಾರರು ಕಡೆ ಬದಲಿಸಿದಾಗ ಅವಳೂ ಚೀಲ ಎತ್ತಿಕೊಂಡು ಆ ತುದಿಗೆ ಹೊರಟಳು. ನಮ್ಮ ಪಂದ್ಯಗಳಿಗೆ ಬಂದಾಗಲೂ ಅವಳು ಹೀಗೇ ಎದ್ದೆದ್ದು ಓಡಾಡುತ್ತಿದ್ದಳು. ತಮ್ಮನ ಆಟ ನೋಡಿ ಒಂದೆಡೆ ಕೂಡಲಾರದ ತಳಮಳ ಎಂದು ನಾನು ತಿಳಿದಿದ್ದೆ.

ಎದುರಾಳಿಗಳು ನಮ್ಮ ಮುಂದೆ ಅಷ್ಟೊಂದು ಸರ್ವಿಸ್ ಕೆಡಿಸುತ್ತಿದ್ದುದಕ್ಕೆ ನಾನು ಬೇರೆಯೇ ಕಾರಣ ಇಟ್ಟುಕೊಂಡಿದ್ದೆ. ಹಿಂದೆ ನಾನು ರ್‍ಯಾಕೆಟ್ ಎತ್ತಿ ನಿಂತಿರುತ್ತೇನೆ, ನನ್ನ ಸ್ಮ್ಯಾಶ್ ನೆನೆದು ಅವರ ಕೈ ನಡುಗುತ್ತದೆ ಎಂದು. ಇದನ್ನು ಒಬ್ಬ ವರದಿಗಾರನ ಮುಂದೆ ಹೇಳಿ, ಅದು ಅಚ್ಚಾಗಿ, ಅವ್ವ ಅದನ್ನು ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದ್ದಾಳೆ.

ಪಂದ್ಯ ಗೆದ್ದು ಬಂದ ಬಸ್ಯಾನನ್ನು ಮೂಲೆಗೆ ಕರೆದು ಕೇಳಿದೆ: “ಇಷ್ಟು ವರ್ಷಾನೂ ಹಿಂಗ ಮಾರಿ ಮಾಡ್ತಿದ್ದೇನಲೇ?”

“ಮತ್ತ? ಅವರು ನೆಟ್ಟಿಗೆ ಯಾಕ ಹಾಕ್ತಿದ್ರು ಅಂತ ತಿಳಿದಿದ್ದಿ?”

“ಹಾಲ್‌ನ್ಯಾಗ ಗಾಳಿ ಇರತಿತ್ತು ಅಂತ ತಿಳಿದಿದ್ದೆ,” ಎಂದೆ.

ಕೋಲಾರದವನ ಕಾಲು ಈಗ ವಾಸಿಯಾಗಿದೆ, ಮುಂದಿನ ತಿಂಗಳು ನಮ್ಮ ಮೊದಲ ಪಂದ್ಯ. ಅವನು ನನಗಿಂತ ಎತ್ತರ, ಆದ್ದರಿಂದ ಬಲೆಯ ಹತ್ತಿರ ನಿಲ್ಲಬೇಕಾದವನು ನಾನು. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಕೆನ್ನೆ ಉಬ್ಬಿಸಿ ಹುಬ್ಬು ಎತ್ತುತ್ತೇನೆ. ನನಗೆ ಎರಡೂ ಹುಬ್ಬು ಒಟ್ಟಿಗೇ ಏಳುತ್ತವೆ. ನಿನ್ನೆ ಅವ್ವ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ ಬಂದಳು. “ದವಡಿ ಹಲ್ಲೇನು? ಇದನ್ನ ಕಚ್ಚಿ ಹಿಡಕೊ” ಎಂದು ಅಂಗೈಯಲ್ಲಿ ಒಂದು ಲವಂಗ ಇಟ್ಟಳು. ವಿವರಿಸಿ ಹೇಳುವುದಕ್ಕಿಂತ ಕಚ್ಚಿಕೊಳ್ಳುವುದೇ ಸುಲಭವೆನಿಸಿ, ಕಚ್ಚಿಕೊಂಡೆ.