ನನ್ನ ಕಂಕುಳನ್ನು ನನಗೇ ಒಪ್ಪಿಸಿದ ವೈದ್ಯಮಂಡಳಿಗೆ

ಸ್ತನ ಕ್ಯಾನ್ಸರ್ ವೈದ್ಯಮಂಡಳಿಯ ಸಮಸ್ತ ಮಾನ್ಯರೇ,

ಕಾಶಿಯ ಜಂಗಮವಾಡಿ ಓಣಿಯ ಎರಡನೆಯ ಮಹಡಿಯಲ್ಲಿ ಕುಳಿತು, ಬಲಗೈಯನ್ನು ದಿಂಬಿನ ಮೇಲೆ ಮಲಗಿಸಿ, ಎಡಗೈಯ ಒಂದೇ ಬೆರಳಿನಿಂದ ಈ ಪತ್ರವನ್ನು ಫೋನಿನಲ್ಲಿ ಒತ್ತುತ್ತಿರುವ ವಿಶಾಲಾಕ್ಷಿ ಎಂಬ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕಿಯ ಶರಣು ಶರಣಾರ್ಥಿಗಳು. ತಮ್ಮಂಥ ಐವರು ತಜ್ಞರು ಒಂದೇ ಮೇಜಿನ ಸುತ್ತ ಕುಳಿತು ನನ್ನೊಬ್ಬಳ ಕಂಕುಳಿನ ಬಗ್ಗೆ ಮುಕ್ಕಾಲು ಗಂಟೆ ಚರ್ಚಿಸಿದಿರೆಂದು ತಿಳಿದು ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ನನ್ನ ಪಿಎಚ್‌ಡಿ ಪ್ರಬಂಧಕ್ಕೂ ಇಷ್ಟು ಹೊತ್ತು ಯಾರೂ ಕೊಟ್ಟಿರಲಿಲ್ಲ.

ಇದು ಬಹಿರಂಗ ಪತ್ರವಾದ್ದರಿಂದ ಹೊರಗಿನವರಿಗಾಗಿ ನಡೆದದ್ದನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಮಾಘಮಾಸದಲ್ಲಿ ನನ್ನ ಬಲ ಸ್ತನದ ಗಂಟನ್ನು ತಾವು ತೆಗೆದಿರಿ. ಜೊತೆಗೆ ರೋಗ ಹರಡಿದೆಯೇ ಎಂದು ನೋಡಲು ಕಂಕುಳಿನಿಂದ ಮೂರು ದುಗ್ಧರಸ ಗ್ರಂಥಿಗಳನ್ನು ಆರಿಸಿ ತೆಗೆದಿರಿ, ಎರಡರಲ್ಲಿ ರೋಗವಿತ್ತು. ಮಾತ್ರೆಗಳ ವಿಷಯದಲ್ಲಾಗಲಿ, ಸ್ತನಕ್ಕೆ ವಿಕಿರಣ ಕೊಡುವ ವಿಷಯದಲ್ಲಾಗಲಿ ತಮಗೆ ಸಂಶಯವೇ ಇರಲಿಲ್ಲ. ಕಂಕುಳಿನ ವಿಷಯಕ್ಕೆ ಬಂದಾಗ ಮಾತ್ರ ಎರಡು ದಾರಿಗಳನ್ನು ನನ್ನ ಮುಂದಿಟ್ಟಿರಿ: ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಉಳಿದ ಗ್ರಂಥಿಗಳನ್ನೂ ತೆಗೆಸುವುದು, ಇಲ್ಲವೇ ಅವುಗಳನ್ನು ಅಲ್ಲೇ ಬಿಟ್ಟು ಅಲ್ಲಿಗೂ ವಿಕಿರಣ ಕೊಡಿಸುವುದು. ನನ್ನಂಥವರಲ್ಲಿ ರೋಗ ಮರಳುವ ಸಂಭವ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಎಂದಿರಿ. ಮೊದಲನೆಯದರಲ್ಲಿ ಎಷ್ಟು ಗ್ರಂಥಿಗಳಿಗೆ ರೋಗ ತಗಲಿದೆಯೆಂಬ ಲೆಕ್ಕ ಸಿಗುತ್ತದೆ, ಆದರೆ ಕೈ ಬಾತುಕೊಂಡು ಹಾಗೆಯೇ ಉಳಿಯುವ ಸಂಭವ ಹೆಚ್ಚು. ಎರಡನೆಯದರಲ್ಲಿ ಆ ಸಂಭವ ಅರ್ಧದಷ್ಟು, ಲೆಕ್ಕ ಮಾತ್ರ ಎಂದಿಗೂ ಸಿಗದು. ಇಷ್ಟು ಹೇಳಿ, "ನಿರ್ಧಾರ ತಮ್ಮದು, ಒಂದು ವಾರದಲ್ಲಿ ತಿಳಿಸಿ" ಎಂದಿರಿ.

ಮಾನ್ಯರೇ, ಇಪ್ಪತ್ತಮೂರು ವರ್ಷಗಳಿಂದ ನಾನು ಈ ಊರಿನಲ್ಲಿದ್ದೇನೆ. ಇಲ್ಲಿ ನನ್ನ ಪರವಾಗಿ ನಿರ್ಧರಿಸಲು ಯಾರೂ ಎಂದೂ ಹಿಂಜರಿದವರಲ್ಲ. ಯಾವ ಘಾಟಿನಲ್ಲಿ ಇಳಿಯಬೇಕೆಂಬುದನ್ನು ದೋಣಿಯವನು ನಿರ್ಧರಿಸುತ್ತಾನೆ, ಯಾವ ಸೀರೆ ನನಗೆ ಒಪ್ಪುತ್ತದೆಂಬುದನ್ನು ಅಂಗಡಿಯವನು, ನಾನು ಯಾವಾಗ ರಸ್ತೆ ದಾಟಬೇಕೆಂಬುದನ್ನು ಗೂಳಿ. ಇಂಥ ಊರಿನಲ್ಲಿ ತಾವು ನನ್ನ ಅಭಿಪ್ರಾಯ ಕೇಳಿದ್ದಕ್ಕೆ ನಾನು ಕೃತಜ್ಞಳು. ಆದರೂ ತಮ್ಮ ಪೈಕಿ ಕನ್ನಡದವರಾದ ಡಾ. ಮಾಲವಿಕಾ ಅವರನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿ, ನಮ್ಮ ಭಾಷೆಯಲ್ಲಾದರೂ ಗುಟ್ಟು ಹೊರಬಿದ್ದೀತೆಂದು, "ನೀವಾಗಿದ್ರೆ ಏನ್ ಮಾಡ್ತಿದ್ರಿ?" ಎಂದು ಕೇಳಿದೆ. ಅವರು ನನ್ನ ಭುಜ ಮುಟ್ಟಿ, "ಮೇಡಂ, ನಾನು ನೀವಲ್ಲ" ಎಂದರು. ಇಷ್ಟು ನಿಖರವಾದ ಉತ್ತರವನ್ನು ನನ್ನ ವಿದ್ಯಾರ್ಥಿಗಳಿಂದಲೂ ನಾನು ಕೇಳಿಲ್ಲ.

ಅನಿಶ್ಚಿತತೆಯಲ್ಲಿ ನಿರ್ಧಾರ ಕೈಗೊಳ್ಳುವ ಬಗೆ ಎಂಬುದೇ ನಾನು ಪ್ರತಿವರ್ಷ ಕಲಿಸುವ ವಿಷಯ ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕು. ಮೊದಲ ದಿನವೇ ಕೋಷ್ಟಕ ಹಾಕಿದೆ. ಎರಡು ದಾರಿಗಳ ನಡುವೆ ಕೂದಲೆಳೆಯ ಅಂತರ ಬಂತು. ಬಂದ ಉತ್ತರ ಹಿಡಿಸಲಿಲ್ಲವಾಗಿ, ಲಾಭನಷ್ಟಗಳಿಗೆ ನಾನೇ ಕೊಟ್ಟ ತೂಕಗಳನ್ನು ಬದಲಿಸಿದೆ. ಆಗ ಬಂದ ಉತ್ತರವೂ ಹಿಡಿಸಲಿಲ್ಲ. ಯಾವ ತಪ್ಪಿಗೆ ಹುಡುಗರನ್ನು ಫೇಲು ಮಾಡುತ್ತೇನೋ ಆ ತಪ್ಪನ್ನು ಮಂಗಳವಾರದೊಳಗೆ ಒಂಬತ್ತು ಸಲ ಮಾಡಿದೆ. ಬುಧವಾರ ಇನ್ನೂ ಕೆಳಗಿಳಿದು, 'ರೋಗಿ ಕ' ಎಂಬ ಹೆಸರಿನಲ್ಲಿ ನನ್ನದೇ ಕಂಕುಳನ್ನು ತರಗತಿಗೆ ಲೆಕ್ಕವಾಗಿ ಕೊಟ್ಟೆ. ಅರ್ಧ ಜನ ಇತ್ತ, ಅರ್ಧ ಜನ ಅತ್ತ. ಶಾಲಿನಿ ಎಂಬ ವಿದ್ಯಾರ್ಥಿನಿ ಮಾತ್ರ ಹಾಳೆಯನ್ನು ಖಾಲಿ ಬಿಟ್ಟಿದ್ದಳು. ಎಬ್ಬಿಸಿ ನಿಲ್ಲಿಸಿ ಕೇಳಿದರೆ, "ಮ್ಯಾಮ್, ಪೇಷಂಟ್ ಕೋ ಕ್ಯಾ ಚಾಹಿಯೇ, ವೋ ತೋ ಸವಾಲ್ ಮೇ ದಿಯಾ ಹೀ ನಹೀ" ಎಂದಳು. ರೋಗಿಗೆ ಏನು ಬೇಕೆಂಬುದೇ ಪ್ರಶ್ನೆಯಲ್ಲಿಲ್ಲವಂತೆ. ಆಕೆಗೆ ಸೊನ್ನೆ ಕೊಟ್ಟು ಮನೆಗೆ ಬಂದೆ.

ಮನೆಯಲ್ಲಿ ನನ್ನ ಯಜಮಾನರು, ರೈಲ್ವೆಯ ಸಿಗ್ನಲ್ ವಿಭಾಗದ ಚಂದ್ರಮೌಳೇಶ್ವರ ಅವರು, ವಾರವಿಡೀ ಒಂದೇ ಸಿಗ್ನಲ್ ಕೊಟ್ಟರು: "ನಾ ಏನ್ ಹೇಳ್ಲಿ, ಕೈ ನಿಂದು." ಇಪ್ಪತ್ತಾರು ವರ್ಷ ಸಂಸಾರ ಮಾಡಿದವರು ಸ್ಟೇಷನ್ನಿನ ವಿಚಾರಣೆ ಕಿಟಕಿಯಂತೆ ಮಾತಾಡುತ್ತೀರಲ್ಲ ಎಂದು ನಾನು ಹಂಗಿಸಿದೆ. ಅವರು ಎದ್ದು ಹೋಗಿ ಅಕ್ಕಿ ತೊಳೆದರು. ಅಂದು ನಾನು ಹಟ ಹಿಡಿದು, ಕಲಬುರಗಿಯಿಂದ ನಮ್ಮ ಓಣಿಯ ಜಂಗಮವಾಡಿ ಮಠಕ್ಕೆ ಬಂದ ಯಾತ್ರಿಕರು ಕೊಟ್ಟಿದ್ದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಕೂತೆ. ನನ್ನ ರೊಟ್ಟಿ ನಮ್ಮ ಬಳಗದಲ್ಲಿ ಹೆಸರುವಾಸಿ, ಮುಖ್ಯವಾಗಿ ಹಲ್ಲಿನ ವೈದ್ಯರ ನಡುವೆ. ಆದರೂ ಎರಡನೆಯ ರೊಟ್ಟಿಗೆ ಬಲಗೈ ಸೋತು ಅಂಗೈ ಹಿಟ್ಟಿನ ಮೇಲೆಯೇ ನಿಂತುಬಿಟ್ಟಾಗ, ಜಗತ್ತಿಗೆ ಭಾರಿ ನಷ್ಟವಾಯಿತೆಂಬಂತೆ ನಾನು ಅತ್ತೆ.

ಮರುದಿನ ತಮ್ಮದೇ ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ ಕಮಲಾದೇವಿ ಎಂಬವರು ನನ್ನ ಪಕ್ಕ ಕೂತಿದ್ದರು. ದಶಾಶ್ವಮೇಧ ಘಾಟಿನಲ್ಲಿ ಚೆಂಡುಹೂವಿನ ಮಾಲೆ ಮಾರುವವರು. ಒಂಬತ್ತು ವರ್ಷಗಳ ಹಿಂದೆ ಬೇರೆ ಕಡೆ ಅವರ ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆದಿದ್ದರು. ಎಡಗೈ ಭುಜದಿಂದ ಬೆರಳಿನವರೆಗೆ ಊದಿ, ಊತ ತಡೆಯುವ ಬಿಗಿಯಾದ ತೋಳುಚೀಲವೊಂದರಲ್ಲಿ ತುಂಬಿಕೊಂಡಿತ್ತು. ನಾನು ನೋಡಿಯೂ ನೋಡದಂತಿದ್ದುದನ್ನು ಅವರು ಗಮನಿಸಿ, "ಹಾಥ್ ಮೋಟಾಯ್ ಗಯಲ್, ಬಾಕೀ ಹಮ್ ತ ಹಈ" ಎಂದರು. ಕೈ ದಪ್ಪಗಾಯಿತು, ಆದರೆ ನಾನಂತೂ ಇದ್ದೇನೆ ಎಂದು ಅರ್ಥ. ನನ್ನ ಕತೆಯನ್ನೆಲ್ಲ ಕೇಳಿಸಿಕೊಂಡು, ತನ್ನನ್ನು ಆಗ ಯಾರೂ ಏನೂ ಕೇಳಿರಲಿಲ್ಲವೆಂದೂ, ಕೇಳಿದ್ದರೆ ಇನ್ನೂ ಯೋಚಿಸುತ್ತಲೇ ಕೂತಿರುತ್ತಿದ್ದೆನೆಂದೂ ಹೇಳಿದರು. ಆಮೇಲೆ ಆ ಕೈಯನ್ನು ಎತ್ತಿ, ಕೂಸನ್ನು ಮಲಗಿಸುವಂತೆ, ನನ್ನ ತೊಡೆಯ ಮೇಲಿಟ್ಟರು. ನೂರಕ್ಕೆ ಇಷ್ಟು ಎಂದು ನಾನು ಓದಿದ್ದೆಲ್ಲ ಅಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ. "ತೋಹಕೇ ಕೌನ್ ಬಾತ್ ಕ ಡರ್ ಹೌ?" ಎಂದು ಅವರು ಕೇಳಿದರು. ನಿನಗೆ ಯಾತರ ಭಯ?

ಮಾನ್ಯರೇ, ಆಗ ನನ್ನ ಬಾಯಿಂದ ಬಂದ ಉತ್ತರ ನನಗೇ ಹೊಸದು. ಲೆಕ್ಕ ಸಿಗದೆ ಹೋದೀತೆಂಬ ಭಯ, ಎಂದೆ. ಎಷ್ಟು ಗ್ರಂಥಿಗಳಲ್ಲಿ ರೋಗವಿತ್ತೆಂಬ ಒಂದು ಸಂಖ್ಯೆಗಾಗಿ ನಾನು ಬಲಗೈಯನ್ನೇ ಪಣಕ್ಕಿಡಲು ಹೊರಟಿದ್ದೆ. ಕಮಲಾದೇವಿಯವರು ತಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಇಷ್ಟು ಓದಿದವಳು ಹೀಗೆ ಮಾತಾಡುವುದುಂಟೇ ಎಂಬಂತೆ ನನ್ನನ್ನು ನೋಡಿದರು.

ಸಂಜೆ ಯಜಮಾನರಿಗೆ ನನ್ನ ನಿರ್ಧಾರ ತಿಳಿಸಿದೆ: ಶಸ್ತ್ರಚಿಕಿತ್ಸೆ ಬೇಡ, ವಿಕಿರಣ ಸಾಕು. ಅವರು ಕಿಟಕಿಯ ಸರಳು ಹಿಡಿದುಕೊಂಡು, "ನನ್ನ ಕೇಳಿದ್ರ ಎಲ್ಲಾ ತೆಗಸಬೇಕಂತಿದ್ದೆ. ಒಳಗ ಒಂದ್ ಉಳದ್ರ ಅಂತ ಅಂಜಿಕಿ" ಎಂದರು. ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೇಳಿದೆ. "ಹೇಳಿದ್ರ ನೀ ನನ್ನ ಅಂಜಿಕಿ ಸಲುವಾಗಿ ಕೈ ಕಳಕೊಂತಿದ್ದಿ" ಎಂದರು. ಅವರನ್ನು ಹಂಗಿಸಿದ ಮಾತು ನೆನಪಾಗಿ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಐದು ವಾರ ವಿಕಿರಣವಾಯಿತು. ದಿನವೂ ಅವರೇ ರಿಕ್ಷಾದಲ್ಲಿ ಕರೆದೊಯ್ದರು. ಗುಂಡಿ ಬಂದಾಗಲೆಲ್ಲ ನನ್ನ ಮೊಣಕೈಯ ಕೆಳಗೆ ತಮ್ಮ ಅಂಗೈ ಒಡ್ಡುತ್ತಿದ್ದರು, ಕಾಶಿಯ ರಸ್ತೆಯಾದ್ದರಿಂದ ಅಂಗೈಯನ್ನು ತೆಗೆಯುವ ಪ್ರಸಂಗ ಬರಲೇ ಇಲ್ಲ. ಕಂಕುಳು ಸುಟ್ಟ ಬದನೆಯ ಬಣ್ಣಕ್ಕೆ ತಿರುಗಿ, ಸಿಪ್ಪೆ ಸುಲಿದು, ಮತ್ತೆ ಚರ್ಮವಾಯಿತು. ಶಾಲಿನಿಯ ಸೊನ್ನೆಯನ್ನು ತಿದ್ದಿ ಪೂರ್ಣ ಅಂಕ ಕೊಟ್ಟೆ. ಕಾರಣ ಹೇಳುವ ಧೈರ್ಯ ಬರಲಿಲ್ಲ. ಮೊನ್ನೆಯ ತಪಾಸಣೆಯಲ್ಲಿ ರೋಗದ ಸುಳಿವಿಲ್ಲ, ಎರಡು ತೋಳುಗಳ ಸುತ್ತಳತೆಯಲ್ಲೂ ವ್ಯತ್ಯಾಸವಿಲ್ಲ. ಮುಂದೆ ಏನೋ ತಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇನ್ನೊಂದು ದಾರಿ ಹಿಡಿದ ವಿಶಾಲಾಕ್ಷಿಯೊಬ್ಬಳು ಹೋಲಿಕೆಗೆ ಸಿಗುವುದಿಲ್ಲವಾದ್ದರಿಂದ, ನಾನು ಆರಿಸಿದ್ದು ಸರಿಯೋ ತಪ್ಪೋ ಎಂಬುದು ಸಾಯುವವರೆಗೆ ತಿಳಿಯದು. ಆಶ್ಚರ್ಯವೆಂದರೆ, ತಿಳಿಯದೆಯೂ ನಿದ್ದೆ ಬರುತ್ತಿದೆ.

ಆದ್ದರಿಂದ ನಿರ್ಧಾರವನ್ನು ನನ್ನೊಬ್ಬಳ ಮೇಲೇ ಹೊರಿಸಿದಿರೆಂಬ ನನ್ನ ದೂರನ್ನು ಹಿಂದಕ್ಕೆ ಪಡೆಯದೆ, ಒಂದು ಪ್ರಾರ್ಥನೆಯನ್ನು ಮಾತ್ರ ಅದಕ್ಕೆ ಲಗತ್ತಿಸುತ್ತೇನೆ. ಮುಂದಿನ ರೋಗಿಯ ಕೈಗೆ ಎರಡು ದಾರಿ ಕೊಡುವಾಗ, ಜೊತೆಗೆ ಒಂದು ವಾರದ ಮಟ್ಟಿಗೆ ಒಬ್ಬ ಕಮಲಾದೇವಿಯನ್ನೂ ಬರೆದುಕೊಡಿ. ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ದಾಸ್ತಾನಿಲ್ಲದಿದ್ದರೆ ಹೊರಗಿನಿಂದ ತರಿಸಿ.

ಇನ್ನೂ ತಮ್ಮದೇ ಮಾತ್ರೆಗಳನ್ನು ನುಂಗುತ್ತಿರುವ, ತಮ್ಮ ವಿಶ್ವಾಸಿ,
ವಿಶಾಲಾಕ್ಷಿ

ಮರೆತ ಮಾತು: ತಮ್ಮ ಕರಪತ್ರದ ಮುಖಪುಟದಲ್ಲಿ ಒಬ್ಬ ಮಹಿಳೆ ಬಲಗೈಯನ್ನು ಆಕಾಶಕ್ಕೆತ್ತಿ ನಗುತ್ತಿದ್ದಾರೆ. ಆಕೆಗೆ ಯಾವ ಚಿಕಿತ್ಸೆಯೂ ಆಗಿಲ್ಲವೆಂಬುದು ನಮ್ಮ ವ್ಯಾಯಾಮದ ಕೋಣೆಯ ಒಮ್ಮತದ ಅಭಿಪ್ರಾಯ. ಮುಂದಿನ ಮುದ್ರಣಕ್ಕೆ ನಾನೇ ಬಂದು ನಿಲ್ಲಲು ಸಿದ್ಧ. ಕೈ ಸದ್ಯ ಕಿವಿಯವರೆಗೆ ಏಳುತ್ತದೆ. ಫೋಟೋದವರು ಅಷ್ಟಕ್ಕೇ ತೃಪ್ತರಾಗಲಿ, ನಗಿ ಎಂದು ಮಾತ್ರ ಹೇಳದಿರಲಿ.